ಕಾಕಾ ಸಾಕ್ಷಿಗೆ ಎದ್ದನೆಂದರೆ

ಪಾಪ ಮಾಡುವವರನ್ನು ಹೇಗೋ ಸಹಿಸಬಹುದು. ಮಾಡಿದ್ದನ್ನೆಲ್ಲ ಒಪ್ಪಿಕೊಳ್ಳುವವರನ್ನು ಸಹಿಸುವುದು ಯಾರಿಂದಲೂ ಆಗದು! ನಂಬಿಕೆ ಬಾರದಿದ್ದರೆ ನೀವು ನಮ್ಮ ಕಾಕಾನ ಪಕ್ಕ ಒಂದು ಭಾನುವಾರ ಯಾದಗಿರಿಯ ಚರ್ಚಿನಲ್ಲಿ ಕೂತು ನೋಡಬೇಕಿತ್ತು.

ಕಾಕಾ ನನ್ನ ಅಪ್ಪನ ತಮ್ಮ. ಅಪ್ಪ ಅವ್ವ ತೀರಿಹೋದ ಮೇಲೆ ನನ್ನನ್ನು ಸಾಕಿದವನು, ಮದುವೆಯಾಗದ ದರ್ಜಿ. ನಮ್ಮ ಸಭೆಯಲ್ಲಿ ಪಾದ್ರಿಯವರ ಪ್ರಸಂಗ, ಅಂದರೆ ಉಪದೇಶ, ಮುಗಿದ ಮೇಲೆ ಯಾರಾದರೂ ಎದ್ದು ಸಾಕ್ಷಿ ಹೇಳುವ ರೂಢಿ. ಮರ್ಯಾದಸ್ಥರು ದೇವರು ಜ್ವರ ಬಿಡಿಸಿದ, ಮಗನನ್ನು ಪಾಸು ಮಾಡಿಸಿದ ಎಂದು ನಾಲ್ಕು ಮಾತು ಹೇಳಿ ಕೂರುತ್ತಿದ್ದರು. ಕಾಕಾ ಮಾತ್ರ ವಾರವಾರವೂ ಎದ್ದು ತನ್ನ ತಪ್ಪುಗಳನ್ನೇ ಹೇಳುತ್ತಿದ್ದ. ಹೇಳಲಿ, ಬೇಡ ಅಂದವರಾರು? ಆದರೆ ದರ್ಜಿಯ ತಪ್ಪು ಯಾವಾಗಲೂ ಬೇರೆಯವರ ಮೈಮೇಲೆ ಇರುತ್ತದಲ್ಲ!

"ಪಾದ್ರಿ ಸಾಹೇಬರು ತೊಟ್ಟಾರಲ್ಲ ಆ ನಿಲುವಂಗಿ, ಅದರ ಎಡತೋಳು ಎರಡು ಬೆರಳು ಗಿಡ್ಡ ಅದ. ನಾನೇ ತಪ್ಪಿ ಕತ್ತರಿಸೀನಿ. ಒಗದ್ರ ಸರಿ ಆಗ್ತದ್ರೀ ಅಂತ ಸುಳ್ಳ ಹೇಳೀನಿ."

ಪಾದ್ರಿಯವರು ಎಡಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡರು.

ನಿಜಾಮನ ಆಳಿಕೆ ಮುಗಿದು ಕಚೇರಿಗಳ ಮೇಲೆ ತ್ರಿವರ್ಣ ಧ್ವಜ ಏರುತ್ತಿದ್ದ ಹೊಸತು. ಧ್ವಜ ಹೊಲಿಯುವ ಕೆಲಸ ಕಾಕಾನಿಗೆ ಬಂತು. ಊರೇ ಶಹಬ್ಬಾಸ್ ಅಂದಿತು. ಆಮೇಲಾದರೂ ಸುಮ್ಮನಿದ್ದನೇ?

"ಉಳಿದ ಬಿಳಿ ಬಟ್ಟಿ ತಿರುಗಿ ಕೊಡಲಿಲ್ಲ. ನಮ್ಮ ಹುಡುಗಿಗಿ ಒಳಲಂಗ ಹೊಲದೆ."

ಇಡೀ ಸಭೆ ನನ್ನತ್ತ ತಿರುಗಿತು. ನಾಚಿಕೆಯಿಂದ ಸತ್ತೇಹೋದೆ!

"ದೇವರ ಕ್ಷಮಾ ಆಗಲೇ ಸಿಕ್ಕೇದಲ್ಲಪ್ಪ, ಇನ್ನ ಕುಂದ್ರು" ಎಂದರು ಪಾದ್ರಿಯವರು.

"ಸಿಕ್ಕೇದ್ರೀ. ಅದಕ್ಕೇ ಹೇಳಾಕ ಧೈರ್ಯ ಬಂದದ."

ಇಂಥವನ ಮನೆಯ ಹುಡುಗಿಯನ್ನು ನೋಡಲು ಶಹಾಪುರದಿಂದ ಬೀಗರು ಬಂದರು. ವರ ಶಾಲಾ ಮಾಸ್ತರ. ನನ್ನ ಬಾಯಿಯ ಸುದ್ದಿ ನನಗಿಂತ ಮುಂದೆ ಹೋಗಿ ಎರಡು ಸಂಬಂಧ ಆಗಲೇ ಮುರಿದಿದ್ದವು. ಇದಾದರೂ ಕೂಡಿಬರಲಿ ಎಂದು ಉಪವಾಸ ಮಾಡಿದ್ದೆ. ಹುಡುಗ ಮನಸ್ಸಿಗೆ ಬಂದಿದ್ದ, ಸುಳ್ಳೇಕೆ?

"ಕಾಕಾ, ಈ ಒಂದ್ ಐತ್ವಾರ ಬಾಯಿ ಮುಚ್ಕೊಂಡ್ ಕುಂದ್ರು. ಕೈ ಮುಗೀತೀನಿ."

"ಆತವ್ವ" ಎಂದ.

ಬೀಗರು ಮುಂದಿನ ಸಾಲಿನಲ್ಲೇ ಕೂತಿದ್ದರು. ಪ್ರಸಂಗ ಮುಗಿಯಿತು. ಎದ್ದ! ಎದ್ದೇಬಿಟ್ಟ ಮಹಾರಾಯ!

"ಹುಡುಗಿ ಶಾಂತ ಸ್ವಭಾವದಕಿ ಅಂತ ಬೀಗರಿಗಿ ಕಾಗದ ಬರದಿದ್ದೆ. ಅದು ಸುಳ್ಳ. ಅಕಿ ಸಿಟ್ಟು ಬೆಂಕಿ. ಮೊನ್ನಿ ನನ್ನ ಕಡಿ ಸೌಟು ಬೀಸಿ ಒಗದಾಳ."

"ನಿನ್ನ ಕಡಿ ಎಲ್ಲಿ ಒಗದೀನಿ? ಗ್ವಾಡಿಗಿ ಒಗದೀನಿ!" ಎಂದು ನಾನು ಎದ್ದು ನಿಂತು ಕಿರುಚಿದೆ.

ಆಮೇಲೆ ತಿಳಿಯಿತು, ಎಲ್ಲಿ ನಿಂತಿದ್ದೇನೆಂದು. ವರನ ತಾಯಿಯೂ ಎದ್ದರು. ಮುಗಿಯಿತು ಅಂದುಕೊಂಡೆ.

"ನಮ್ಮ ಮನ್ಯಾಗೂ ದೇವದೂತರು ಯಾರಿಲ್ಲರೀ" ಎಂದರು ಆಕೆ. "ನಮ್ಮ ಮಾಸ್ತರ ಮುನಿಸ್ಕೊಂಡ್ರ ಮೂರು ದಿನ ಬಾಯಿ ಬಿಡಂಗಿಲ್ಲ. ಅದನ್ನ ನಾವೂ ಬರದಿರಲಿಲ್ಲ. ಮಾತಾಡೋಕಿ ಒಬ್ಬಾಕಿ ಬರಲಿ ಬಿಡ್ರಿ."

ಮಾಸ್ತರ ತಲೆ ತಗ್ಗಿಸಿ ನಕ್ಕ. ಪಾದ್ರಿಯವರು ಆಮೆನ್ ಅಂದರು, ಗಿಡ್ಡ ತೋಳಿನ ಕೈ ಎತ್ತಿ.

ಸಂಬಂಧ ಕೂಡಿತು, ನನ್ನ ಸಿಟ್ಟು ಇಳಿಯಲಿಲ್ಲ. ಬೀಗರನ್ನು ಕಳಿಸಿದವಳೇ ಮನೆಗೆ ಬಂದು ಹರಿಹಾಯ್ದೆ: "ಮುರದು ಹೋಗಿದ್ರ ಏನ್ ಮಾಡ್ತಿದ್ದಿ?"

ಕಾಕಾ ಹೊಲಿಗೆ ಮಷೀನಿನ ಮುಂದೆ ನನಗೆ ಬೆನ್ನು ಹಾಕಿ ಕೂತಿದ್ದ. "ಶಾಂತ ಇರೂ ನಾಟಕ ಜಲ್ಮ ಪೂರ್ತಿ ಹ್ಯಾಂಗ ಮಾಡ್ತಿದ್ದ್ಯವ್ವ ನೀ? ನೀ ಹ್ಯಾಂಗ ಇದ್ದೀಯೋ ಹಾಂಗ ದೇವರು ಒಪ್ಕೊಂಡಾನ. ಬೀಗರೂ ಒಪ್ಕೊಳ್ಳಿ ಅಂದೆ."

ಮಷೀನಿನ ಸೂಜಿಗೆ ದಾರ ಪೋಣಿಸಿದ.

"ಇನ್ನೊಂದ್ ಅದ. ಇದನ್ನ ಸಭಾದಾಗ ಹೇಳಂಗಿಲ್ಲ, ನಿನಗ ಅಷ್ಟ. ಎದ್ದು ನಿಂತಾಗ ಮುರೀಲಿ ಅಂತ ಒಂದ್ ಗಳಿಗಿ ಬಯಸಿದೆ. ನೀ ಹೋದ್ರ ನನಗ ಬೈಯೋರು ಯಾರವ್ವ?"

ಬೈಯಲೆಂದೇ ಬಾಯಿ ತೆರೆದವಳು ಅವನ ಕಾಲ ಬಳಿ ಕೂತು ಅತ್ತುಬಿಟ್ಟೆ.