ಸೈಕಲ್ ಏರಿ ಬಂದ ನಾಳೆ

“ಕದಾ ಹಾಕು! ಕಿಡಕಿ ಹಾಕು! ಅವ್ವಾ, ನೀ ಕಣ್ಣ ಮುಚ್ಚು!” ಎಂದು ಧರಣೇಂದ್ರ ಕಾಳಿನ ಕೋಣೆಯ ನಡುವೆ ನಿಂತು ಕೂಗಿದ.

“ಕಣ್ಣ ಮುಚ್ಚಿದ ಮ್ಯಾಲ ನಿನ್ನ ದೀಪ ಹ್ಯಾಂಗ ನೋಡ್ಲೋ?” ಎಂದರು ಅವನ ತಾಯಿ ಪದ್ಮವ್ವ.

ಹೆಂಡತಿ ಕುಸುಮ ಸುಮ್ಮನೆ ಕದ ಹಾಕಿದಳು. ಗಂಡನ ಯಂತ್ರಗಳಿಗೆ ಅವಳು ಕದ ಹಾಕಿದ್ದು ಇದೇ ಮೊದಲಲ್ಲ. ಹಿಂದಿನ ವರ್ಷ ಅವನು ಮಾಡಿದ ರೊಟ್ಟಿ ಬಡಿಯುವ ಯಂತ್ರ, ರೊಟ್ಟಿಯನ್ನು ಬಡಿದದ್ದು ಕಲ್ಲಿನ ಮೇಲಲ್ಲ, ಮಾಳಿಗೆಯ ತೊಲೆಗೆ. ಹಿಟ್ಟಿನ ಗುರುತು ಇನ್ನೂ ಹೋಗಿಲ್ಲ! ಆದರೆ ಈ ಸಲದ ಯಂತ್ರವನ್ನು ಕೇಳಿ ಮಾಡಿಸಿಕೊಂಡವಳು ಅವಳೇ. ಹೀಗಾಗಿ ಬಯ್ಯಲು ಬಾಯಿಲ್ಲ.

ಧರಣೇಂದ್ರ ಲಕ್ಷ್ಮೇಶ್ವರದ ಮೂಡಲಿಗಿರುವ ಹತ್ತಿ ಗಿರಣಿಯಲ್ಲಿ ಫಿಟ್ಟರ್. ದಿನಾಲೂ ಸೈಕಲ್ ಮೇಲೆ ಹೋಗಿ ಬರುವುದು. ಚಳಿಗಾಲ ಬಂತೆಂದರೆ ಗಿರಣಿ ಬಿಡುವ ಹೊತ್ತಿಗೇ ಕತ್ತಲು. ಆ ಕತ್ತಲಲ್ಲಿ ಗಟಾರಕ್ಕೆ ಬಿದ್ದು ಕೆಸರು ಮೆತ್ತಿಕೊಂಡು ಬಂದದ್ದೂ ಉಂಟು. “ಡೈನಮೋ ಹಾಕಸ್ರಿ” ಎಂದು ಕುಸುಮ ಹೇಳಿದ್ದಳು. “ಗಾಲಿಗೆ ತಿಕ್ಕಿ ಸೈಕಲ್ ಭಾರ ಮಾಡತೈತಿ. ಖಾಲಿ ಹೊಟ್ಟ್ಯಾಗ ತುಳ್ಯಾಕ ಆಗಂಗಿಲ್ಲ. ಬ್ಯಾಟರಿದು ನಾನ ಮಾಡ್ತೀನಿ!” ಎಂದಿದ್ದ ಅವನು.

ಖಾಲಿ ಹೊಟ್ಟೆ! ಕುಸುಮಳಿಗೆ ಚುಚ್ಚುತ್ತಿದ್ದದ್ದು ಅದೇ. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಪದ್ಮವ್ವ ಬುದ್ಧಿ ತಿಳಿದಾಗಿನಿಂದ ಸಂಜೆಯ ಮೇಲೆ ಒಂದು ಅಗುಳು ಮುಟ್ಟಿದವರಲ್ಲ, ಮನೆಯಲ್ಲಿ ಯಾರನ್ನೂ ಮುಟ್ಟಗೊಟ್ಟವರಲ್ಲ. ಗಿರಣಿಯಲ್ಲಿ ಡಬ್ಬಿ ತೆಗೆಯಲು ಮಧ್ಯಾಹ್ನ ಒಮ್ಮೆಯೇ ಬಿಡುವು. ಹೀಗಾಗಿ ಚಳಿಗಾಲ ಮುಗಿಯುವ ತನಕ ಧರಣೇಂದ್ರನಿಗೆ ರಾತ್ರಿ ನೀರೂ ಇಲ್ಲ, ರೊಟ್ಟಿಯೂ ಇಲ್ಲ. ಹೋದ ಚಳಿಗಾಲದಲ್ಲಿ ಅವನ ಪ್ಯಾಂಟು ಹಗ್ಗವಿಲ್ಲದೆ ಸೊಂಟದ ಮೇಲೆ ನಿಲ್ಲುತ್ತಿರಲಿಲ್ಲ. ಗಂಡ ಹಸಿದು ಮಲಗಿದರೆ ಕುಸುಮಳಿಗೆ ನಿದ್ದೆಯಾದರೂ ಹೇಗೆ ಹತ್ತಬೇಕು? ಈ ವರ್ಷವೂ ಕಾರ್ತಿಕ ಬಂದಿತ್ತು, ಹಗ್ಗ ಮತ್ತೆ ಗೂಟದಿಂದ ಇಳಿದಿತ್ತು.

“ನೋಡ್ರಿ ಈಗ!” ಎಂದವನೇ ಧರಣೇಂದ್ರ ಅರಿವೆ ಎಳೆದ.

ಹಳೆಯ ಸ್ಕೂಟರಿನ ಬ್ಯಾಟರಿ, ಅದರ ಮುಂದೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ಬೋಗುಣಿ, ಬೋಗುಣಿಗೆ ಟಾರ್ಚಿನ ಗಾಜು, ಒಳಗೆ ಅವನೇ ಅರೆದು ಬಳಿದ ಎಂಥದೋ ಕಪ್ಪು ಲೇಪ. ಕೋಣೆ ತುಂಬ ಬೆಳಕಾಯಿತು. ಬಲ್ಬಿನ ಬೆಳಕಲ್ಲ, ಸಾಕ್ಷಾತ್ ಬಿಸಿಲು! ಜೋಳದ ಚೀಲದ ಹಿಂದಿದ್ದ ಬೆಕ್ಕು ಬಂದು ಅದರಲ್ಲಿ ಕಾಲು ಚಾಚಿ ಮಲಗಿತು. ಪದ್ಮವ್ವ ತಲೆಯ ಮೇಲೆ ಸೆರಗು ಹೊದ್ದುಕೊಂಡರು.

“ಇದು ಕರೆಂಟ್ ಅಲ್ಲ! ಗಿರಣಿ ತಗಡಿನ ಮ್ಯಾಲ ಇಟ್ರ ಬ್ಯಾಟರಿ ಇಡೀ ದಿನದ ಬಿಸಲು ಕುಡೀತೈತಿ. ಸಂಜಿಗೆ ಒಂದೆರಡು ತಾಸಿನ್ಯಾಗ ಅದನ್ನ ಹಂಗ ಬಿಡತೈತಿ. ಮೊದಲ ಮುಂಜಾನಿದು, ಆಮ್ಯಾಲ ಮಧ್ಯಾಹ್ನದ್ದು, ಕಡೀಕ ಸಂಜೀದು!”

“ಬಂದ್ ಹ್ಯಾಂಗ ಮಾಡೋದ್ರೀ?” ಎಂದಳು ಕುಸುಮ.

“ಸೂರ್ಯಾಗ ಸ್ವಿಚ್ ಇರತೈತೇನು? ಅರಿವಿ ಮುಚ್ಚೋದು! ಅವ್ವಾ, ನಾಳಿಂದ ಮನಿಗೆ ಬಂದು ಬಿಸಿ ರೊಟ್ಟಿ ಉಣ್ಣಾಂವ ನಾನು. ಬಿಸಲು ನನ್ನ ಜೋಡಿನ ಬರತೈತಿ!”

“ದೀಪಾ ಹಚ್ಚಿ ಉಣ್ಣೂದು ನಮ್ಮ ಮನ್ಯಾಗಿಲ್ಲ.”

“ದೀಪ ಅಲ್ಲವಾ, ಬಿಸಲು!”

“ಹೊತ್ತು ಮುಣುಗಿದ್ರ ಮುಣುಗಿದಂಗ” ಎಂದು ಪದ್ಮವ್ವ ಕದ ತೆಗೆದು ಹೊರಗೆ ನಡೆದರು. ಮುದುಕಿಯ ಮಾತು ಕಲ್ಲು. ಆದರೆ ಮಗ ಹಸಿದು ಮಲಗುವ ದಿನಗಳಲ್ಲಿ ಅತ್ತೆಯೂ ಎರಡನೆಯ ರೊಟ್ಟಿಗೆ “ಯಾಕೋ ಹಸಿವಿಲ್ಲ” ಎಂದು ಕೈ ಅಡ್ಡ ಹಿಡಿಯುತ್ತಿದ್ದುದನ್ನು ಕುಸುಮ ಕಂಡಿದ್ದಳು.

ಮರುದಿನ ಸಂಜೆ ಅತ್ತೆ ಸೊಸೆ ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ತುಂಬುತ್ತಿದ್ದರು. ಪಡುವಲಿಗೆ ಸೂರ್ಯ ಮುಳುಗಿದ. ಪದ್ಮವ್ವ ಕೈ ಮುಗಿದರು. ಮುಗಿಯಿತು ಇವತ್ತಿನದು ಎಂದು ಕುಸುಮ ನಿಟ್ಟುಸಿರು ಬಿಟ್ಟಳು.

ಅಷ್ಟರಲ್ಲಿ ಮೂಡಲಿಗೆ ಕೆಂಪಗೆ ಬೆಳಕೊಡೆಯಿತು!

ಗಿರಣಿಯ ತಗಡಿನ ಹಿಂದಿನಿಂದ ಎದ್ದ ಆ ಬೆಳಕು ದಾರಿ ಹಿಡಿದು ಊರಿನ ಕಡೆಗೇ ಬರತೊಡಗಿತು. ಗೂಡು ಸೇರಿದ್ದ ಗಿಳಿಗಳು ಹುಣಸೆಮರದಿಂದ ದಡಬಡಿಸಿ ಎದ್ದವು. ದಾರಿಯ ಎರಡೂ ಕಡೆ ಸೂರ್ಯಕಾಂತಿ ಹೊಲ. ಸೈಕಲ್ ಮುಂದೆ ಬಂದಂತೆ ಸಾಲಿಗೆ ಸಾಲು ಹೂವುಗಳು ಕತ್ತು ಹೊರಳಿಸಿ ಧರಣೇಂದ್ರನನ್ನೇ ನೋಡುತ್ತಿದ್ದವು. ಮನೆಗೆ ಮರಳುತ್ತಿದ್ದ ಎಮ್ಮೆಗಳು ಗಕ್ಕನೆ ನಿಂತು, ಹಿಂದೆ ತಿರುಗಿ, ಮತ್ತೆ ಮೇಯಲು ಹೊರಟವು. ಕಾಯುವವನು ಬಾಯಿಗೆ ಬಂದಂತೆ ಬಯ್ಯುತ್ತ ಅವುಗಳ ಹಿಂದೆ ಓಡಿದ!

“ಅಯ್ಯ, ಇವರ ದೀಪಕ್ಕಿಷ್ಟು!” ಎಂದು ಕುಸುಮ ಹಣೆ ಬಡಿದುಕೊಂಡು ಕೆಳಗಿಳಿದಳು.

ಓಣಿಯೊಳಗೆ ಬರುವಷ್ಟರಲ್ಲಿ ಬೋಗುಣಿಯಲ್ಲಿ ಮಟಮಟ ಮಧ್ಯಾಹ್ನ. ಧರಣೇಂದ್ರನ ಹಿಂದೆ ಹಸಿ ಹಪ್ಪಳದ ಮೊರ ಹಿಡಿದ ಹೆಂಗಸರ ದಂಡು! “ನಿಲ್ಲಪಾ ಧರಣೇಂದ್ರ! ಒಂದೀಟ ಈ ಮಗ್ಗಲ ತಿರಗಸು!” “ನಮ್ಮ ಶಾಂಡಿಗೀನೂ ಹಸಿ ಅದಾವು!” ದೀಪ ಮುಚ್ಚಿಬಿಡೋಣವೆಂದು ಅವನು ಅರಿವೆ ಹಾಕಿದರೆ ಅರಿವೆಯಿಂದಲೇ ಹೊಗೆ ಎದ್ದಿತು. ಪಕ್ಕದ ಮನೆಯ ಇಮಾಮಸಾಬರ ಹುಂಜ ಗೋಡೆ ಹತ್ತಿ ಗಂಟಲು ಹರಿಯುವಂತೆ ಕೂಗಿತು. ಒಂದು ಜೊಂಪು ಹತ್ತಿದ್ದ ಇಮಾಮಸಾಬರು ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡು ಹೊರಗೆ ಬಂದು, “ಇಷ್ಟ ಲಗೂ ಬೆಳಗಾತೇನ್ರಿ?” ಎಂದರು.

ಧರಣೇಂದ್ರ ಸೈಕಲ್ ಸಮೇತ ಅಂಗಳಕ್ಕೆ ನುಗ್ಗಿದ. “ಅವ್ವಾ! ಗಂಗಾಳ ಹಾಕಸು!”

ಪದ್ಮವ್ವ ಆಗಲೇ ಮಾಳಿಗೆಯಿಂದ ಇಳಿದು ಬಂದು ಕಟ್ಟೆಯ ಮೇಲೆ ಕುಳಿತಿದ್ದರು. “ಹೊತ್ತು ಮುಣುಗೇತಿ.”

“ಎಲ್ಲಿ ಮುಣುಗೇತಿ? ಇದು ಇವತ್ತಿನ ಬಿಸಲು. ನನ್ನ ಕೈಯಾರ ತುಂಬೀನಿ!”

“ಇವತ್ತಿಂದು ಪಡುವಲಕ ಮುಣುಗಿದ್ದು ನಾ ಕಣ್ಣಾರೆ ನೋಡೀನಿ. ಇವತ್ತಿನ ಊಟ ಆತು.”

ಕುಸುಮಳ ಕಣ್ಣಲ್ಲಿ ನೀರು ಬಂತು. ಇಷ್ಟು ದೊಡ್ಡ ಬಿಸಿಲು ಹೊತ್ತು ತಂದರೂ ಇವರಿಗೆ ಒಂದು ರೊಟ್ಟಿ ಇಲ್ಲವಲ್ಲ! ಹಪ್ಪಳದ ಹೆಂಗಸರೂ ಮೊರ ಕೆಳಗಿಳಿಸಿದರು.

ಹುಂಜ ಮತ್ತೊಮ್ಮೆ ಕೂಗಿತು.

ಪದ್ಮವ್ವ ಹುಂಜವನ್ನು ನೋಡಿದರು. ಅಂಗಳದಲ್ಲಿ ಬಿದ್ದ ತಮ್ಮ ನೆರಳನ್ನು ನೋಡಿದರು. ಆಮೇಲೆ ಮಗನ ಸೊಂಟದ ಹಗ್ಗವನ್ನು ನೋಡಿದರು. “ಕುಸುಮಾ, ಇದು ಯಾವ ದಿಕ್ಕಿಗೆ ಹುಟ್ಟಿತು?”

“ಮೂಡಲಕ್ರೀ ಅತ್ತಿ.”

“ಕೆಂಪಗ ಇತ್ತೋ ಇಲ್ಲೋ?”

“ಕೆಂಪಗ ಇತ್ರೀ! ನೀವೂ ನೋಡೀರಿ!”

“ಹುಂಜ ಕೂಗಿತೋ ಇಲ್ಲೋ?”

“ಕೂಗಿ ಕೂಗಿ ಧ್ವನಿ ಕೂತೈತ್ರಿ ಅವ್ವಾರ!” ಎಂದರು ಗೋಡೆಯಾಚೆಯಿಂದ ಇಮಾಮಸಾಬರು.

“ಹಂಗಾರ ಇದು ಇವತ್ತಲ್ಲ, ನಾಳಿ. ಬೆಳಗಾದ ಮ್ಯಾಲ ಉಣ್ಣಾಕ ಏನಡ್ಡಿ?”

ಬೇರೆ ಯಾರೇ ಆಗಿದ್ದರೂ ಗಂಗಾಳದ ಮುಂದೆ ಹೋಗಿ ಕೂರುತ್ತಿದ್ದರು. ಧರಣೇಂದ್ರ ಕೂರಬೇಕಲ್ಲ! ಅವನಿಗೆ ಸಿಟ್ಟು ಬಂತು. “ನಾಳಿ ಹ್ಯಾಂಗ ಆಗತೈತಿ? ಇವತ್ತ ಮುಂಜಾನಿಂದ ತಗಡಿನ ಮ್ಯಾಲ ಇಟ್ಟ ತುಂಬಿದ್ದು ಇದು! ನಾಳಿ ಅಂದ್ರ ನನ್ನ ಬ್ಯಾಟರಿ ಕಿಮ್ಮತ್ತ ಏನುಳೀತು?”

ಕುಸುಮ ಅವನ ತೋಳು ಚಿವುಟಿದಳು. “ರೀ, ಬಾಯಿ ಮುಚ್ಚರಿ! ನಾಳಿ ಅನ್ರಿ!”

“ವಿಜ್ಞಾನ ಬಿಟ್ಟು ಹ್ಯಾಂಗ ಮಾತಾಡ್ಲಿ?”

“ನಿಮಗ ವಿಜ್ಞಾನ ಬೇಕೋ, ರೊಟ್ಟಿ ಬೇಕೋ?”

ಅವನು ಬ್ಯಾಟರಿಯನ್ನು ನೋಡಿದ. ಒಲೆಯನ್ನು ನೋಡಿದ. ಹೊಟ್ಟೆ ಗುರ್ರೆಂದ ಸದ್ದಿಗೆ ಬೆಕ್ಕು ಎದ್ದು ಹೊರಗೆ ಓಡಿತು. “ನಾಳಿ” ಎಂದ, ಸಣ್ಣ ದನಿಯಲ್ಲಿ.

“ಜೋರಾಗಿ ಅನ್ನು!” ಎಂದರು ಪದ್ಮವ್ವ.

“ನಾಳಿ! ನಾಳಿ! ನಾಳಿ!”

“ಹಂಗಾರ ಜಳಕಾ ಮಾಡು ಹೋಗು. ಬೆಳಗ್ಗೆದ್ದು ಜಳಕಾ ಇಲ್ಲದ ಉಣ್ಣಾಂವ ಏನು?”

ಬಿಸಿಲು ಆಗಲೇ ಇಳಿಯತೊಡಗಿತ್ತು! ಧರಣೇಂದ್ರ ಬಾವಿಯ ನೀರು ತಲೆಯ ಮೇಲೆ ಸುರಿದುಕೊಂಡು, ಹಲ್ಲು ಕಟಕಟ ಕಡಿಯುತ್ತ ಜಿನನಿಗೆ ಕೈ ಮುಗಿದು ಓಡಿ ಬಂದ. ಕುಸುಮ ಅಂಗಳದ ಒಲೆಗೆ ಬೆಂಕಿ ಹಚ್ಚಿ ಹೀರೇಕಾಯಿ ಪಲ್ಯ ಬಾಡಿಸಿ, ಪಟಪಟನೆ ರೊಟ್ಟಿ ಬಡಿದಳು. ಉಬ್ಬಿದ ರೊಟ್ಟಿ ಹಂಚಿನಿಂದ ನೇರ ಗಂಗಾಳಕ್ಕೆ, ಮೇಲೆ ಶೇಂಗಾ ಚಟ್ನಿ.

“ಲಗೂ ತಿನ್ನೋ! ಹೊತ್ತು ಬಾಗೇತಿ! ಕುಸುಮಾ, ಇನ್ನೊಂದು ಹಾಕು ಅಂವಗ!” ಎಂದು ಪದ್ಮವ್ವ ಒಂದು ಕಣ್ಣು ಬೋಗುಣಿಯ ಮೇಲೆ, ಒಂದು ಕಣ್ಣು ಮಗನ ಮೇಲೆ ಇಟ್ಟು ಅವಸರಪಡಿಸಿದರು. ಅಂಗಳದ ಬೆಳಕು ಹಳದಿಯಾಯಿತು. ಆಗ ಮುದುಕಿ ತಮ್ಮ ಗಂಗಾಳವನ್ನೂ ಎಳೆದುಕೊಂಡು ಮಗನ ಪಕ್ಕಕ್ಕೆ ಕುಳಿತರು. “ನನಗೂ ಹಾಕು. ನಾಳಿಂದು ನಾನೂ ಉಂಡಿಲ್ಲಲ್ಲ! ನೀನೂ ಬಾ, ಕೂಡು.”

ಮೂವರೂ ಒಟ್ಟಿಗೆ ಉಂಡರು. ಪದ್ಮವ್ವ ಎರಡನೆಯ ರೊಟ್ಟಿ ಬೇಡವೆನ್ನಲಿಲ್ಲ. ಬೋಗುಣಿ ಕೆಂಪಾಯಿತು. ಧರಣೇಂದ್ರ ಕೊನೆಯ ತುತ್ತು ನುಂಗಿ ನೀರು ಕುಡಿದು ತಂಬಿಗೆ ಕೆಳಗಿಟ್ಟ. ಗಾಜಿನ ಹಿಂದೆ ಸೂರ್ಯ ಮುಳುಗಿದ. ಗೋಡೆಯಾಚೆಯಿಂದ ಇಮಾಮಸಾಬರು “ಶಾಬಾಸ್!” ಎಂದು ಕೂಗಿದರು. ಕುಸುಮಳಿಗೆ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟುವಷ್ಟು ಸಂತೋಷವಾಗಿತ್ತು. ಗೆದ್ದಿದ್ದರು, ಇವರು ಗೆದ್ದಿದ್ದರು! ಆ ರಾತ್ರಿ ಅವಳಿಗೆ ತಲೆ ಇಟ್ಟ ಕೂಡಲೇ ನಿದ್ದೆ ಹತ್ತಿತು.

ಆದರೆ ಪದ್ಮವ್ವ ಅರೆಬರೆ ಕೆಲಸದವರಲ್ಲ. ಮಲಗುವ ಮೊದಲು ಗೋಡೆಯ ಕ್ಯಾಲೆಂಡರಿನ ಎರಡು ಹಾಳೆ ಹರಿದರು. ಒಂದು ಇವತ್ತಿನದು, ಇನ್ನೊಂದು ನಾಳೆಯದು. ಮರುದಿನ ಸಂಜೆಯೂ ಮೂಡಲಿಗೆ ಸೂರ್ಯ ಹುಟ್ಟಿದ, ಧರಣೇಂದ್ರ ಉಂಡ, ಮತ್ತೆ ಎರಡು ಹಾಳೆ ಹೋದವು. ಹಪ್ಪಳದ ಹೆಂಗಸರು ಪಾಳಿ ಹಚ್ಚಿಕೊಂಡರು. ಇಮಾಮಸಾಬರ ಹುಂಜಕ್ಕೆ ಎರಡು ಪಾಳಿಯ ಕೆಲಸವಾಗಿ ಗಂಟಲೇ ಬಿದ್ದುಹೋಯಿತು. ಹಗ್ಗ ಮರಳಿ ಗೂಟಕ್ಕೆ ಹೋಯಿತು. ಬರಬರುತ್ತ ಧರಣೇಂದ್ರನ ಪ್ಯಾಂಟಿನ ಗುಂಡಿ ಹಾಕುವುದೇ ಕಷ್ಟವಾಯಿತು!

ಊರಿನಲ್ಲಿ ಡಿಸೆಂಬರ್ ಇನ್ನೂ ಆಗತಾನೇ ಶುರುವಾಗಿತ್ತು. ಇವರ ಮನೆಯ ಗೋಡೆಯ ಮೇಲೆ ವರ್ಷದ ಕೊನೆಯ ಹಾಳೆಯೂ ಹರಿದು, ಬರೀ ಮೊಳೆ ಉಳಿಯಿತು. ಪದ್ಮವ್ವ ಮಗನನ್ನು ಹೊಸ ಕ್ಯಾಲೆಂಡರ್ ತರಲು ಅಂಗಡಿಗೆ ಅಟ್ಟಿದರು. ಸಂಜೆ ಅವನು ದೀಪದ ಅರಿವೆ ಇನ್ನೂ ತೆಗೆಯದೆ, ಬರಿಗೈಯಲ್ಲಿ ಬಂದ.

“ಹೊಸಾ ವರ್ಷದ್ದು ಇನ್ನೂ ಬಂದಿಲ್ಲಂತವಾ. ಇಷ್ಟ ಲಗೂ ಯಾಕ ಬೇಕು ಅಂತ ಅಂಗಡ್ಯಾಂವ ನನ್ನ ಮಾರಿ ನೋಡಿ ನಕ್ಕ.”

ಪದ್ಮವ್ವ ಖಾಲಿ ಮೊಳೆಯನ್ನು ನೋಡಿದರು. ಕಿಟಕಿಯಾಚೆ ಓಣಿಯಲ್ಲಿ ಓಡಾಡುವ ಮಂದಿಯನ್ನು ನೋಡಿದರು.

“ಪಾಪ! ಊರ ಮಂದಿ ಭಾಳ ಹಿಂದ ಉಳದಾರ, ನಕ್ರ ನಗಲಿ ಬಿಡು. ಕುಸುಮಾ, ರೊಟ್ಟಿ ಬಡಿ, ಬೆಳಗಾಗೂ ಹೊತ್ತಾತು.”