ಗಂಗಣ್ಣನವರ ಹನ್ನೊಂದು ರಿಜೆಕ್ಟುಗಳು

ಮನುಷ್ಯನೊಬ್ಬನ ಬಗ್ಗೆ ನಾಲ್ಕು ಒಳ್ಳೆಯ ಮಾತು ಕೇಳಬೇಕಾದರೆ ಅವನು ಸಾಯಬೇಕು, ಇಲ್ಲವೇ ರಿಟೈರ್ ಆಗಬೇಕು. ಎರಡೂ ಸಂದರ್ಭಗಳಲ್ಲಿ ನಿಜ ಹೇಳಬಾರದೆಂಬ ನಿಯಮವಿದೆಯಂತೆ. ಅದು ನನಗೊಬ್ಬನಿಗೆ ಬಿಟ್ಟು ಊರಿಗೆಲ್ಲ ತಿಳಿದಿತ್ತು. ನನಗೆ ತಿಳಿದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಪೀಣ್ಯದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೈಕ್ ಹಿಡಿದು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆ.

ನನ್ನದು ತಪಾಸಣೆಯ ಕೆಲಸ. ಲೇತ್ ಯಂತ್ರದಿಂದ ಬರುವ ಬುಷ್ ಎಂಬ ಲೋಹದ ಬಳೆಗಳನ್ನು ಅಳೆಯುವುದು, ಅಳತೆ ತಪ್ಪಿದ್ದರೆ ಕೆಂಪು ಡಬ್ಬಕ್ಕೆ ಹಾಕುವುದು, ರಿಜಿಸ್ಟರಿನಲ್ಲಿ ಬರೆಯುವುದು. ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ಹೆಚ್ಚಾದರೆ ಪರವಾಗಿಲ್ಲ, ಮೂರಾದರೆ ರಿಜೆಕ್ಟ್. ಮನುಷ್ಯರ ಮುಖದಲ್ಲಿ ಇಂಥ ಗುರುತು ಯಾವುದೂ ಇರುವುದಿಲ್ಲ. ಇದೇಕೆ ನನಗೊಬ್ಬನಿಗೇ ಕಷ್ಟ ಎಂಬುದು ಎರಡು ವರ್ಷದ ಹಿಂದೆ ಗೊತ್ತಾಯಿತು. ಅಕ್ಕ ತನ್ನ ಮಗನನ್ನು ಡಾಕ್ಟರ ಬಳಿಗೆ ಕರೆದೊಯ್ದಿದ್ದಳು, ಜೊತೆಗೆ ನಾನಿದ್ದೆ. ಅವರು ಮಗುವಿನ ಬಗ್ಗೆ ಕೇಳಿದ ಪ್ರಶ್ನೆಗಳಿಗೆಲ್ಲ ನನ್ನ ಉತ್ತರವೂ ಹೌದು ಎಂದೇ ಆಗಿತ್ತು. ಆಮೇಲೆ ನನ್ನನ್ನೂ ನೋಡಿದರು. ಆಟಿಸಂ. ಅಮ್ಮ ಒಪ್ಪಲಿಲ್ಲ. ‘ನಮ್ಮ ವಂಶದಲ್ಲೇ ಯಾರಿಗೂ ಇಲ್ಲ’ ಎಂದರು. ಹಾಗೆನ್ನುವಾಗ ಅಪ್ಪ ಎಂದಿನ ಅದೇ ಮೂಲೆಯಲ್ಲಿ, ಅದೇ ತಟ್ಟೆಯಲ್ಲಿ, ಅನ್ನಕ್ಕೆ ಸಾರು ತಾಗದಂತೆ ಊಟ ಮಾಡುತ್ತಿದ್ದರು.

ಕಾರ್ಖಾನೆಯಲ್ಲಿ ಈ ವಿಷಯ ನಾನು ಹೇಳಿದ್ದು ಗಂಗಣ್ಣನವರಿಗೆ ಮಾತ್ರ. ಅವರು ಲೇತ್ ನಡೆಸುವವರು, ನನಗಿಂತ ಹತ್ತೊಂಬತ್ತು ವರ್ಷ ದೊಡ್ಡವರು. ಗೇಟಿನೆದುರಿನ ಗಾಡಿಯಲ್ಲಿ ದಿನವೂ ಹತ್ತೂವರೆಗೆ ನಾವಿಬ್ಬರೂ ಒಂದೇ ಟೀಯನ್ನು ಎರಡು ಲೋಟಕ್ಕೆ ಹಂಚಿಸಿ ಬೈ-ಟು ಕುಡಿಯುತ್ತಿದ್ದೆವು. ಮಾತು ಕಡಿಮೆ. ಸುದ್ದಿ ಕೇಳಿದ ಅವರು, ‘ಅದುಕ್ಕೆ ಮಾತ್ರೆ ಐತಾ?’ ಎಂದರು. ಇಲ್ಲವೆಂದೆ. ‘ಅಂಗಾದ್ರೆ ಟೀ ಕುಡಿ, ಆರೋಯ್ತದೆ’ ಎಂದರು. ನನಗೆ ಯಾರೂ ಅಷ್ಟು ಸಮಾಧಾನ ಹೇಳಿರಲಿಲ್ಲ. ಈ ಊರಿನಲ್ಲಿ ನನಗೊಂದು ಜಾಗವಿದ್ದರೆ ಅದು ಆ ಗಾಡಿಯ ಪಕ್ಕದ ಎರಡಡಿ ನೆಲ ಎಂದುಕೊಂಡಿದ್ದೆ.

ಅಂಥ ಗಂಗಣ್ಣ ರಿಟೈರ್ ಆದರು. ಕ್ಯಾಂಟೀನಿನಲ್ಲಿ ಬೀಳ್ಕೊಡುಗೆ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಮುಂದಿನ ಸಾಲಿನಲ್ಲಿ ಅವರ ಹೆಂಡತಿ, ಮಗಳು, ಚಿಕ್ಕಬಾಣಾವರದಿಂದ ಬಂದ ಬೀಗರು. ಪ್ರೊಡಕ್ಷನ್ ಮ್ಯಾನೇಜರು ‘ನನಗೆ ತಂದೆ ಸಮಾನ’ ಎಂದರು. ಹಿಂದಿನ ತಿಂಗಳಷ್ಟೇ ಅದೇ ತಂದೆಗೆ ಹತ್ತು ನಿಮಿಷ ತಡವಾಗಿ ಬಂದದ್ದಕ್ಕೆ ಮೆಮೊ ಕೊಟ್ಟಿದ್ದರು. ನನ್ನನ್ನೂ ಕರೆದರು. ನಾನು ವಾರವೆಲ್ಲ ತಯಾರಿ ಮಾಡಿದ್ದೆ. ‘ಹತ್ತೊಂಬತ್ತು ವರ್ಷಗಳಲ್ಲಿ ನಾನು ಗಂಗಣ್ಣನವರ ಹನ್ನೊಂದು ಪೀಸುಗಳನ್ನು ರಿಜೆಕ್ಟ್ ಮಾಡಿದ್ದೇನೆ’ ಎಂದು ಶುರುಮಾಡಿ, ರಿಜಿಸ್ಟರು ನೋಡಿ ತಾರೀಖು, ಅಳತೆ, ಕಾರಣ ಎಲ್ಲವನ್ನೂ ಓದಿದೆ. ಏಳನೆಯದು ಮಗಳ ಮದುವೆಯ ಮಾರನೆಯ ದಿನದ್ದು. ಹಿಂದೆ ಯಾರೋ ಕಿಸಕ್ಕೆಂದರು. ಮುಗಿಸಿದಾಗ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಚಪ್ಪಾಳೆಯ ಸದ್ದು ನನ್ನ ಕಿವಿಗೆ ಆಗುವುದಿಲ್ಲ. ಇದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರಲ್ಲ ಎಂದು ಖುಷಿಪಟ್ಟು ಬಂದು ಕುಳಿತೆ.

ಸಂಜೆ ಫೋನಿನಲ್ಲಿ ಅಕ್ಕನಿಗೆ ಹೇಳಿದೆ.

‘ಬೀಗರ ಎದುರಿಗೇ ಓದಿದ್ಯೇನೋ?’

‘ಹೊಗಳಿದ್ದು ಕಣೇ. ಬೇರೆಯವರದು ಒಂದು ವಾರಕ್ಕೇ ಹನ್ನೊಂದಾಗತ್ತೆ.’

‘ಅದನ್ನ ಹೇಳಿದ್ಯಾ?’

ಹೇಳಿರಲಿಲ್ಲ. ಹನ್ನೊಂದು ಎಂದ ಮೇಲೆ ಅದನ್ನೂ ಬಿಡಿಸಿ ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಗಂಗಣ್ಣ ಹೊರಡುವಾಗ ಎಲ್ಲರಿಗೂ ‘ಬತ್ತಾ ಇರ್ತೀನಿ’ ಎಂದಿದ್ದರು. ನಾನು ಮೂರು ವಾರ ದಿನವೂ ಹತ್ತೂವರೆಗೆ ಗಾಡಿಯ ಪಕ್ಕ ಕಾದೆ. ಬೈ-ಟು ಕೇಳಿದರೆ ಗಾಡಿಯವನು, ‘ಇನ್ನೊಬ್ರೆಲ್ಲಿ ಸಾರ್?’ ಎನ್ನುತ್ತಿದ್ದ. ಬರ್ತಾರೆ ಎನ್ನುತ್ತಿದ್ದೆ. ಎರಡನೆಯ ಲೋಟದ ಮೇಲೆ ಕೆನೆ ಕಟ್ಟುತ್ತಿತ್ತು. ಫೋನ್ ಮಾಡಿದರೆ ಎತ್ತಲಿಲ್ಲ. ಇದ್ದ ಒಬ್ಬರನ್ನೂ ನನ್ನ ಬಾಯಿಂದಲೇ ಕಳೆದುಕೊಂಡಿದ್ದೆ. ಕೆಂಪು ಡಬ್ಬದ ಎದುರು ಕುಳಿತು ಒಂದು ದಿನ ಅತ್ತೇಬಿಟ್ಟೆ. ಅಂದು ಅಳೆದವನ್ನೆಲ್ಲ ಮತ್ತೊಮ್ಮೆ ಅಳೆದೆ.

ನಾಲ್ಕನೆಯ ಭಾನುವಾರ ಅಕ್ಕ ಹೇಳಿಕೊಟ್ಟಂತೆ ಒಂದು ಡಜನ್ ಬಾಳೆಹಣ್ಣು ಹಿಡಿದು ಗಂಗಣ್ಣನವರ ಮನೆಗೆ ಹೋದೆ. ಹೆಂಡತಿ ಬಾಗಿಲು ತೆರೆದು, ಬನ್ನಿ ಎನ್ನದೆ ಒಳಗೆ ಹೋಗಿ ಕುಳಿತರು. ನಾನು ಕಲಿತುಬಂದದ್ದನ್ನು ಒಪ್ಪಿಸಿದೆ: ತಪ್ಪಾಯಿತು, ಹೊಗಳಲು ಹೋಗಿದ್ದೆ, ಹನ್ನೊಂದು ಅಂದರೆ ತುಂಬ ಕಡಿಮೆ.

ಗಂಗಣ್ಣ ಬಾಳೆಹಣ್ಣು ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, ‘ಅನ್ನೊಂದಲ್ಲ ಕಣಪ್ಪ, ಅನ್ನೆರಡು’ ಎಂದರು. ‘ಒಂದ್ನ ನಿಂಗ್ ತೋರಿಸ್ದೆ ನಾನೇ ಮೋರೀಗ್ ಎಸ್ದೆ. ನಮ್ಮವ್ವ ತೀರ್ಕಂಡ್ ವಾರ. ಕೈ ನಿಲ್ತಿರ್ಲಿಲ್ಲ.’

ಇಂಥ ಕಡೆ ಯಾರಾದರೂ ಸಮಾಧಾನದ ಮಾತೊಂದನ್ನು ಆಡುತ್ತಾರೆ. ನಾನೂ ಹುಡುಕಿದೆ. ಸಿಕ್ಕಿದ್ದು, ‘ಎಷ್ಟು ಹೆಚ್ಚಾಗಿತ್ತು?’ ಎಂಬುದು ಮಾತ್ರ. ಅವರ ಹೆಂಡತಿ ನನ್ನನ್ನು ನೋಡಿದ ನೋಟದ ಅರ್ಥ ನನಗೂ ಆಯಿತು.

‘ಪಾಯಿಂಟ್ ಸೊನ್ನೆ ಆರು’ ಎಂದರು ಗಂಗಣ್ಣ.

ಆರು ಎಂದರೆ ಮಾತೇ ಇಲ್ಲ, ಕೆಂಪು ಡಬ್ಬ. ನಾನು, ‘ಅಷ್ಟೇ ಆದ್ರೆ ನಾನು ಪಾಸ್ ಮಾಡ್ತಿದ್ದೆ ಬಿಡಿ’ ಎಂದೆ.

‘ಸುಳ್ ಯೋಳ್ಬ್ಯಾಡ ಮೂರ್ತಿ’ ಎಂದರು ಅವರು, ಬಾಳೆಹಣ್ಣು ಬಿಡಿಸುತ್ತ.

ನಲವತ್ತೊಂದು ವರ್ಷಕ್ಕೆ ಕಷ್ಟಪಟ್ಟು ತಯಾರಿಸಿದ ನನ್ನ ಮೊದಲ ಸುಳ್ಳನ್ನು ಗಂಗಣ್ಣ ಅಳೆದೂ ನೋಡದೆ ರಿಜೆಕ್ಟ್ ಮಾಡಿದರು.