ಓಟದ ಹಿಂದಿನ ಮೂರು ದಿನ

ನಮ್ಮ ಭಾವನವರನ್ನು ಊಟಕ್ಕೆ ಕರೆಯುವ ಆಸೆ ನಿಮಗಿದ್ದರೆ ಮೊದಲು ಅವರ ಮುಂದಿನ ಓಟ ಯಾವತ್ತು ಎಂದು ವಿಚಾರಿಸಿಕೊಳ್ಳಿ. ಓಟಕ್ಕೆ ಇನ್ನೂ ತಿಂಗಳಿದ್ದರೆ ಧೈರ್ಯವಾಗಿ ಕರೆಯಬಹುದು. ಬಂದು, ಪಾತ್ರೆಯ ತಳ ನೋಡಿಯೇ ಎದ್ದು ಹೋಗುತ್ತಾರೆ. ವಾರವಿದ್ದರೆ ನಿಮ್ಮ ಸಾರನ್ನು ಕಟಕಟೆಯಲ್ಲಿ ನಿಲ್ಲಿಸಿ ವಿಚಾರಣೆ ಮಾಡುತ್ತಾರೆ. ಮೂರೇ ದಿನ ಉಳಿದಿದ್ದರೆ ಮಾತ್ರ ದಯವಿಟ್ಟು ಕರೆಯಬೇಡಿ. ಬರುವುದಿಲ್ಲ ಅಂತಲ್ಲ. ಬರುತ್ತಾರೆ, ತಮ್ಮ ಊಟದ ಡಬ್ಬಿಯನ್ನು ತಾವೇ ತರುತ್ತಾರೆ. ನಿಮ್ಮ ಮನೆಯ ಎಲೆಯ ಮುಂದೆ ಕೂತು ಅದರ ಮುಚ್ಚಳ ತೆಗೆಯುತ್ತಾರೆ. ಕರೆದವರ ಮಾನ ಹೋಗುವುದಕ್ಕೆ ಇನ್ನೇನು ಬೇಕು?

ಭಾವ ಎಂದರೆ ನನ್ನ ಅಕ್ಕನ ಗಂಡ. ಮಧುಗಿರಿ ಕೋರ್ಟಿನಲ್ಲಿ ಅಮೀನರು. ಸಮನ್ಸು ಹಿಡಿದು ಊರೂರು ಅಲೆದು, ಅದರಲ್ಲಿ ಹೆಸರಿರುವವರ ಕೈಗೆ ಕೊಟ್ಟು, ಸಹಿ ಹಾಕಿಸಿಕೊಂಡು ಬರುವುದು ಕೆಲಸ. ಐವತ್ತು ದಾಟುವವರೆಗೂ ಅವರು ಓಡಿದ್ದನ್ನು ನಮ್ಮ ಪೈಕಿ ಯಾರೂ ಕಂಡಿರಲಿಲ್ಲ. ಕಣ್ಣೆದುರೇ ಬಸ್ಸು ಹೊರಟರೂ ಅದೇ ನಡಿಗೆಯಲ್ಲಿ ನಿಲ್ದಾಣಕ್ಕೆ ಹೋಗಿ, ಮುಂದಿನ ಬಸ್ಸಿಗೆ ಕಾಯುವ ಜಾಯಮಾನ.

ಓಟ ಅವರಿಗೆ ಅಂಟಿಕೊಂಡದ್ದು ಹೊಳವನಹಳ್ಳಿಯಲ್ಲಿ. ಜಮೀನಿನ ವ್ಯಾಜ್ಯದ ಸಮನ್ಸೊಂದನ್ನು ಹಿಡಿದು ಹೋಗಿದ್ದರು. ಬೇಕಾಗಿದ್ದ ಆಸಾಮಿ ಬಸ್ ನಿಲ್ದಾಣದ ಪಕ್ಕದಲ್ಲೇ ಟೀ ಕುಡಿಯುತ್ತಾ ನಿಂತಿದ್ದ. ಇವರ ಕಂಕುಳಿನ ಫೈಲು ಕಣ್ಣಿಗೆ ಬಿದ್ದದ್ದೇ ತಡ, ಲೋಟ ಕೆಳಗಿಟ್ಟು ಓಡಿದ. ಆವತ್ತು ಏನಾಯಿತೋ ಏನೋ, ಭಾವ ಕೂಡ ಓಡಿದರು. ಸಂತೆ ಬಯಲು ಮುಗಿಯಿತು, ಜೋಳದ ಹೊಲ ಮುಗಿಯಿತು, ಕೆರೆ ಏರಿಯೂ ಮುಗಿಯಿತು. ಕೊನೆಗೆ ಒಂದು ಹೊಂಗೆ ಮರದ ಬುಡದಲ್ಲಿ ಆ ಮನುಷ್ಯನೇ ಕುಕ್ಕರಿಸಿದ.

"ಅಲ್ಲ ಸಾ, ಆಸಾಮಿ ಊರಾಗಿಲ್ಲ ಅಂತ ಬರ್ಕಂಡು ಹೋಗ್ಬಾರ್ದಾ? ಯಾಕಿಂಗೆ ಜೀವ ತಿಂತೀರಾ?" ಎಂದು ಏದುಸಿರಿನಲ್ಲೇ ಕೇಳಿದನಂತೆ.

"ನೀನು ನಿಂತಿದ್ರೆ ನಾನೂ ನಿಲ್ತಿದ್ದೆ ಕಣಪ್ಪ" ಎಂದರಂತೆ ಭಾವ.

ಅವನು ಸಹಿ ಹಾಕಿ, ಪಂಪ್‌ಸೆಟ್ಟಿನಿಂದ ನೀರು ತಂದು ಕುಡಿಸಿ, ತನ್ನ ಬೈಕಿನಲ್ಲೇ ಇವರನ್ನು ಬಸ್ಸಿಗೆ ಬಿಟ್ಟ. ಸಂಜೆ ಮನೆಯಲ್ಲಿ ಭಾವ, "ಎದೆ ಡವಡವ ಅಂತಿತ್ತು, ಕಾಲು ಬಿದ್ದು ಹೋಗ್ತಿದ್ವು. ಆದ್ರೂ ಒಳಗೊಳಗೇ ಏನೋ ಖುಷಿ ಕಣೇ" ಎಂದು ಅಕ್ಕನಿಗೆ ಹೇಳಿದರು. ಮರುವಾರ ಮನೆಗೆ ಓಟದ ಬೂಟು ಬಂತು.

ಓಟ ಒಂದೇ ಆಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಬೆಳಗಿನ ಜಾವ ಎದ್ದು ಬೆಟ್ಟದ ಬುಡದ ರಸ್ತೆಯಲ್ಲಿ ಓಡಿ, ಕೋರ್ಟಿನ ಹೊತ್ತಿಗೆ ಸ್ನಾನ ಮಾಡಿ ಹೊರಡುತ್ತಿದ್ದರು. ತಾಪತ್ರಯ ಶುರುವಾದದ್ದು ಅವರು ನಲವತ್ತೆರಡು ಕಿಲೋಮೀಟರಿನ ಮ್ಯಾರಥಾನಿಗೆ ಹೆಸರು ಕೊಟ್ಟು, ಓಡುವವರು ಏನು ತಿನ್ನಬೇಕು ಎಂಬುದನ್ನು ಮೊಬೈಲಿನಲ್ಲಿ ನೋಡಲು ಹಿಡಿದ ಮೇಲೆ. ಅಲ್ಲಿಂದ ಅವರು ಗ್ರಹಿಸಿದ ಶಾಸ್ತ್ರ ಇಷ್ಟು. ಓಟಕ್ಕೆ ಮೂರು ದಿನ ಇರುವಾಗ ಮೈಗೆ ಪಿಷ್ಟ ತುಂಬಿಸಬೇಕು. ಸೊಪ್ಪು, ಕಾಳು, ಖಾರ ಮುಟ್ಟಬಾರದು, ನಾರಿರುವುದೆಲ್ಲ ಹೊಟ್ಟೆಯೊಳಗೆ ದಂಗೆ ಎಬ್ಬಿಸುತ್ತದೆ. ಹೊಸ ತಿಂಡಿಯನ್ನಂತೂ ಮೂಸಲೂ ಕೂಡದು. ಬಿಳಿ ಅನ್ನ, ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಉಪ್ಪು, ನೀರು, ಇವಿಷ್ಟೇ. ಇದಕ್ಕೆ ಕಾರ್ಬೋ ಲೋಡಿಂಗ್ ಎಂದು ಹೆಸರು.

"ಲೋಡಿಂಗಾ? ಯಾವ ಲಾರಿಗೆ ಸಾ?" ಎಂದು ಕೋರ್ಟಿನ ಗುಮಾಸ್ತರೊಬ್ಬರು ಕೇಳಿದರು.

"ಈ ಲಾರಿಗೆ" ಎಂದು ಭಾವ ಹೊಟ್ಟೆ ತಟ್ಟಿ ತೋರಿಸಿದರು. ಆಮೇಲೆ ಅವರು ಕೋರ್ಟಿನ ವರಾಂಡದಲ್ಲಿ ಬಾಳೆಹಣ್ಣು ಸುಲಿದಾಗಲೆಲ್ಲ, "ಲೋಡ್ ಆಗ್ತೈತೆ, ಜಾಗ ಬುಡ್ರಪ್ಪ" ಎನ್ನುವುದು ಅಲ್ಲಿಯ ವಾಡಿಕೆಯಾಯಿತು.

ಮನೆಯಲ್ಲಿ ಮೊದಲು ಏಟು ಬಿದ್ದದ್ದು ಮುದ್ದೆಗೆ. ರಾಗಿಯಲ್ಲಿ ನಾರಿದೆ, ಆದ್ದರಿಂದ ಮೂರು ದಿನ ಮುದ್ದೆ ಬೇಡ ಎಂದುಬಿಟ್ಟರು. ಮಧುಗಿರಿಯಲ್ಲಿ ನಿಂತು ಹೀಗೆ ಹೇಳುವುದಕ್ಕೆ ಎಷ್ಟು ಎದೆಗಾರಿಕೆ ಬೇಕು ಎಂಬುದು ಈ ಕಡೆಯವರಿಗೆ ಗೊತ್ತು. ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ಮದ್ವೆಯಾದಾಗಿಂದ ತಿಂದಿದ್ದೆಲ್ಲ ಏನಾಯ್ತು ಅಂಗಾದ್ರೆ?"

"ಅದು ಬದುಕೋಕೆ ಕಣೇ. ಇದು ಓಡೋಕೆ."

"ಸರಿ. ಓಡೋದು ಮುಗಿಸ್ಬುಟ್ಟು ಬದುಕೋಕೆ ಬನ್ನಿ, ಆವಾಗ ತೊಳಸ್ತೀನಿ" ಎಂದು ಅಕ್ಕ ಮುದ್ದೆ ಕೋಲನ್ನು ತೊಳೆದು ಮೂಲೆಗಿಟ್ಟಳು.

ಮೊದಲ ಮ್ಯಾರಥಾನಿನ ಎರಡು ದಿನ ಮುಂಚೆ ಭಾವ ಕೆಲಸದ ಮೇಲೆ ಪಾವಗಡಕ್ಕೆ ಹೋಗಬೇಕಾಯಿತು. ನನಗೂ ಅಲ್ಲಿ ಕೆಲಸವಿತ್ತು. ಕೊರಟಗೆರೆಯ ಹೈಸ್ಕೂಲು ಮೇಷ್ಟರಾದ ನಾನು ಒಂದು ತರಬೇತಿಗೆ ಹೊರಟಿದ್ದೆ. ಮಧ್ಯಾಹ್ನ ಇಬ್ಬರೂ ಒಂದು ಸಣ್ಣ ಹೋಟೆಲಿಗೆ ಹೋದೆವು. ಬಡಿಸುತ್ತಿದ್ದ ಹೆಂಗಸಿಗೆ ತೆಲುಗೇ ಸಲೀಸು. ಭಾವನ ತೆಲುಗು ಸಮನ್ಸು ಕೊಡುವಷ್ಟಕ್ಕೆ ಸಾಕು, ಊಟಕ್ಕೆ ಸಾಲದು. ಬರೀ ಅನ್ನ ಸಾಕು ಎನ್ನಲು, "ಉತ್ತ ಅನ್ನಂ ಚಾಲಮ್ಮಾ" ಎಂದರು.

"ಪಪ್ಪು?" ಆಕೆ ಬೇಳೆಯ ಸೌಟು ಎತ್ತಿದಳು. ಬೇಡ ಎನ್ನಲು "ವದ್ದು" ಎಂದರು. "ಪಚ್ಚಡಿ?" ಚಟ್ನಿಯ ಬಟ್ಟಲು ಬಂತು. ಅದಕ್ಕೂ "ವದ್ದು". ಆಕೆ ಇವರ ಮುಖವನ್ನೇ ದಿಟ್ಟಿಸಿ, "ಜ್ವರಮಾ?" ಎಂದಳು.

ಜ್ವರವಲ್ಲ, ನಾಳಿದ್ದು ಓಡಬೇಕು ಎಂಬುದನ್ನು ಭಾವ ಅರ್ಧ ತೆಲುಗು, ಅರ್ಧ ಕೈಸನ್ನೆಯಲ್ಲಿ ತಿಳಿಸಿದರು. ಆಕೆ ಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು. "ಎವರು ತರುಮುತುನ್ನಾರಯ್ಯಾ?" ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂದು ಕೇಳುತ್ತಿದ್ದಾಳೆ. ಸರ್ಕಾರದ ಸಂಬಳ ತೆಗೆದುಕೊಂಡು ಊರವರನ್ನೆಲ್ಲ ಅಟ್ಟಿಸಿಕೊಂಡು ಹೋಗುವ ಮನುಷ್ಯನಿಗೆ ಈ ಪ್ರಶ್ನೆ. ಭಾವ ಅನ್ನಕ್ಕೆ ಉಪ್ಪು ಕಲಸಿಕೊಂಡರು. ಹೊರಡುವಾಗ ಆಕೆ ನನ್ನನ್ನು ಪಕ್ಕಕ್ಕೆ ಕರೆದು, ಹೊರಗೆ ಹೋಗಲು ಹಿಂದಿನ ಬಾಗಿಲೂ ಇದೆ ಎಂದು ತೋರಿಸಿದಳು.

ಎರಡನೆಯ ಮ್ಯಾರಥಾನಿನ ಹಿಂದಿನ ದಿನಕ್ಕೆ ಸರಿಯಾಗಿ ಸಿರಾದಲ್ಲಿ ಭಾವನ ಗೆಳೆಯರೊಬ್ಬರ ಮಗನ ಮದುವೆಯ ಊಟ ಬಂತು. ಆ ಗೆಳೆಯರದು ಹೊಲಿಗೆ ಅಂಗಡಿ. ಭಾವನ ಓಟದ ಚಡ್ಡಿಗೆ ಖರ್ಜೂರ, ಉಪ್ಪು ಇಟ್ಟುಕೊಳ್ಳಲು ನಾಲ್ಕು ಜೇಬು ಹೊಲಿದುಕೊಟ್ಟವರು ಅವರೇ. ತಪ್ಪಿಸುವಂತಿಲ್ಲ. ಶಾಮಿಯಾನದ ಕೆಳಗೆ ಬಿರಿಯಾನಿಯ ಹಂಡೆ ತೆರೆದಾಗ ಎದ್ದ ಪರಿಮಳಕ್ಕೆ ನನ್ನ ಕಣ್ಣು ತಾವಾಗಿಯೇ ಮುಚ್ಚಿಕೊಂಡವು. ತೆರೆದು ನೋಡುತ್ತೇನೆ, ಪಕ್ಕದಲ್ಲಿ ಡಬ್ಬಿ ಬಿಚ್ಚಿದೆ. ಬಿಳಿ ಅನ್ನ, ಎರಡು ಆಲೂಗಡ್ಡೆ. ಸಾಲಿನವರೆಲ್ಲ ಊಟ ನಿಲ್ಲಿಸಿ ನೋಡತೊಡಗಿದರು. ಗೆಳೆಯರು ಬಂದು ಎದುರಿಗೆ ಕೂತರು.

"ಅಮೀನ್ ಸಾಬ್, ನಾವು ತಿಂಗಳಿಡೀ ರೋಜಾ ಇರ್ತೀವಿ. ನಮಗೂ ಸಂಜೆಗೆ ಊಟ ಐತೆ. ನಿಮ್ದು ಇದ್ಯಾವ ರೋಜಾ ಸಾಬ್, ತಿಂತಾನೇ ಉಪವಾಸ?"

"ಸೋಮವಾರ ಬಿಡ್ತೀನಿ. ಒಂದು ತಟ್ಟೆ ಎತ್ತಿಡಿ" ಎಂದರು ಭಾವ.

ಅವರು ನಿಜವಾಗಿಯೂ ಎತ್ತಿಟ್ಟಿದ್ದರು. ಸೋಮವಾರ ಭಾವ ಕುಂಟುತ್ತಾ ಹೋಗಿ ತಿಂದು ಬಂದರು. ಒಂದು ತಟ್ಟೆ ಎಂದು ಅಕ್ಕನಿಗೆ ಹೇಳಿದರು. ಗೆಳೆಯರು ಹೇಳಿದ ಸಂಖ್ಯೆ ಬೇರೆ.

ಇಷ್ಟೆಲ್ಲ ವ್ರತ ಮಾಡಿ ಪಡೆದ ಫಲವೇನು? ಮೊದಲ ಸಲ ಐದು ಗಂಟೆ ಆರು ನಿಮಿಷ. ಎರಡನೆಯ ಸಲ ಐದು ಗಂಟೆ ಎರಡು ನಿಮಿಷ. ಐದು ಗಂಟೆಯೊಳಗೆ ಮುಗಿಸಬೇಕು ಎಂಬುದು ಅವರ ಪಣ. ಆ ಎರಡು ನಿಮಿಷ ಅವರ ಕಾಲಿನಲ್ಲಿ ಮುಳ್ಳಿನಂತೆ ಉಳಿದುಹೋಯಿತು. ಮೂರನೆಯ ಓಟ ಕಳೆದ ಚಳಿಗಾಲದಲ್ಲಿ, ತುಮಕೂರಿನಲ್ಲಿ, ಒಂದು ಭಾನುವಾರ. ಅಷ್ಟರಲ್ಲಿ ಮೂಳೆ ಡಾಕ್ಟರು ಮೊಣಕಾಲು ಒತ್ತಿ ನೋಡಿ, ಇದೊಂದು ಓಡಿ, ಆಮೇಲೆ ಇಷ್ಟು ಉದ್ದದ್ದು ಬೇಡ ಎಂದಿದ್ದರು. ಹಾಗಾಗಿ ಇದೇ ಕೊನೆಯದು. ಭಾವ ವರ್ಷವಿಡೀ ಒಂದು ದಿನವೂ ತಪ್ಪಿಸದೆ ಓಡಿದರು. ಗುರುವಾರದಿಂದ ಅನ್ನ, ಆಲೂಗಡ್ಡೆ ಶುರುವಾಯಿತು.

ಶನಿವಾರ ನಾನು ಹುಲಿಕುಂಟೆಗೆ ಹೋಗಬೇಕಾಗಿತ್ತು. ಅಲ್ಲಿ ನಮ್ಮಣ್ಣನ ಮನೆ, ಅಮ್ಮ ಅವನ ಜೊತೆಗಿದ್ದಾಳೆ. ಅಮ್ಮನಿಗೆ ಎರಡು ವರ್ಷದಿಂದ ಮರೆವು. ಒಮ್ಮೊಮ್ಮೆ ನನ್ನನ್ನೇ ನೋಡಿ ಯಾರ ಮಗ ನೀನು ಎನ್ನುತ್ತಾಳೆ. ಅಣ್ಣ ಅತ್ತಿಗೆ ಒಂದು ನಾಮಕರಣಕ್ಕೆ ಹೊರಟಿದ್ದರಿಂದ ಸಂಜೆಯವರೆಗೆ ಅಮ್ಮನ ಜೊತೆ ನಾನಿರಬೇಕಿತ್ತು. ಭಾವ ತಾವೂ ಬಂದರು. ಅಲ್ಲಿಂದಲೇ ತುಮಕೂರಿಗೆ ಹೋದರಾಯಿತು, ಹೇಗೂ ಮನೆಯಲ್ಲಿ ಊಟಕ್ಕೆ ಬಲವಂತ ಮಾಡುವವರು ಯಾರೂ ಇರುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ಅತ್ತಿಗೆ ಅಡುಗೆ ಮಾಡಿಟ್ಟು ಹೋಗಿದ್ದಳು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಆ ಕಾಳಿನದೇ ಪಲ್ಯ. ನಾರು, ಕಾಳು, ಖಾರ, ಭಾವನ ಮೂವರು ವೈರಿಗಳೂ ಒಂದೇ ಒಲೆಯ ಮೇಲಿದ್ದರು. ಭಾವ ಜಗಲಿಯಲ್ಲಿ ಕೂತು ಡಬ್ಬಿ ತೆಗೆಯುತ್ತಿರುವಾಗ ಅಮ್ಮ ಬಾಗಿಲಿಗೆ ಬಂದಳು. ಏನು ಹೊಳೆಯಿತೋ, ಸೆರಗು ಸರಿಮಾಡಿಕೊಂಡಳು.

"ಅಳಿಯಂದ್ರು ಬಂದವ್ರೆ. ಕೈಕಾಲು ತೊಳ್ಕಳಿ ಅನ್ಬಾರ್ದೇನ್ಲಾ?" ಎಂದು ನನ್ನನ್ನು ಗದರಿದಳು.

ಎಷ್ಟೋ ದಿನದ ಮೇಲೆ ಆಕೆಗೆ ಒಬ್ಬರ ಗುರುತು ಹತ್ತಿತ್ತು. ಭಾವ ಡಬ್ಬಿ ತೋರಿಸಿ, "ಊಟ ತಂದಿವ್ನಿ ಕಣಮ್ಮ" ಎಂದರು. ಅಮ್ಮ ಡಬ್ಬಿ ನೋಡಿದಳು, ಅವರ ಮುಖ ನೋಡಿದಳು. "ಯಾಕೆ, ನಮ್ಮನೇದು ಆಗಕಿಲ್ವಾ?" ಎಂದಳು.

ಭಾವ ಡಬ್ಬಿಯನ್ನು ಚೀಲಕ್ಕೆ ಸೇರಿಸಿ ಒಳಗೆ ಬಂದು ಕೂತರು. ಅಮ್ಮ ತಾನೇ ಮುದ್ದೆ ಇಟ್ಟು, ಸಾರು ಹುಯ್ದು, ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು. ಮುದ್ದೆ ಮುಗಿಯುವವರೆಗೂ ಏಳಲಿಲ್ಲ. ಹೋಗಲಿ, ಒಂದು ಮುದ್ದೆ ತಾನೇ ಎಂದುಕೊಂಡೆ ನಾನು.

ಮುಕ್ಕಾಲು ಗಂಟೆ ಆಗಿರಬಹುದು. ಅಮ್ಮ ಮತ್ತೆ ಬಾಗಿಲಿಗೆ ಬಂದಳು. "ಅಳಿಯಂದ್ರು ಬಂದವ್ರೆ. ಊಟಕ್ಕೆ ಏಳಿ ಅನ್ಬಾರ್ದೇನ್ಲಾ?"

"ಆಗ್ಲೇ ಬಡಿಸ್ದಲ್ಲಮ್ಮ. ಅವ್ರದ್ದು ಉಂಡಾಯ್ತು" ಎಂದೆ ನಾನು.

"ನಾನು ಬಡಿಸಿದ್ನಾ?" ಎಂದಳು. ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು, ಅಲ್ಲಿ ಹಿಟ್ಟೇನಾದರೂ ಅಂಟಿದೆಯೋ ಎಂಬಂತೆ. ಆಮೇಲೆ ಒಳಗೂ ಹೋಗದೆ, ಹೊರಗೂ ಬಾರದೆ, ಹೊಸಿಲ ಮೇಲೆ ನಿಂತುಬಿಟ್ಟಳು.

ಭಾವ ಎದ್ದರು. "ಇಲ್ಲ ಕಣಮ್ಮ, ಉಂಡೋನು ಇವ್ನು. ನಂದಿನ್ನೂ ಆಗಿಲ್ಲ. ಹಸಿವಾಗ್ತೈತೆ, ಹಾಕು ಬಾ" ಎಂದು ಕೈ ತೊಳೆಯಲು ಹೋದರು.

ನಾವು ಹೊರಡುವ ಮೊದಲು ಇನ್ನೊಂದು ಸಲವೂ ಆಯಿತು. ಮೂರನೆಯ ಮುದ್ದೆಯನ್ನೂ ಅವರು, ಬೆಳಗಿನಿಂದ ಏನೂ ಕಾಣದವರ ಹಾಗೆ, ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡರು. ಅಮ್ಮ ನಗುತ್ತಾ ನೋಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅಕ್ಕನೂ ನಾನೂ ಓಟ ಮುಗಿಯುವ ಜಾಗದಲ್ಲಿ ಕಾದೆವು. ಓಟ ಶುರುವಾಗಿ ಐದು ಗಂಟೆ ದಾಟಿತು, ಐದೂವರೆ ದಾಟಿತು. ಶಾಮಿಯಾನ ಬಿಚ್ಚಲು ಶುರುಮಾಡಿದ ಮೇಲೆ ಭಾವ ಬಂದರು. ದಾರಿಯಲ್ಲಿದ್ದ ಶೌಚಾಲಯಗಳಿಗೆಲ್ಲ, ಒಂದನ್ನೂ ಬಿಡದೆ, ಸಮನ್ಸು ಜಾರಿ ಮಾಡಿ ಬಂದಿದ್ದರು.

"ಏನ್ ತಿಂದ್ರಿ ನಿನ್ನೆ?" ಎಂದಳು ಅಕ್ಕ.

"ಅನ್ನ, ಆಲೂಗಡ್ಡೆ. ಯಾಕೋ ಹೊಟ್ಟೆ ಕೈ ಕೊಡ್ತು" ಎಂದರು.

ವಾಪಸು ಬರುವ ಬಸ್ಸಿನಲ್ಲಿ ಅಕ್ಕ ಕಿಟಕಿಗೆ ಒರಗಿ ನಿದ್ದೆ ಹೋದಳು. ನಾನು ಮೆಲ್ಲಗೆ, "ಮೂರನೇ ಸಲನಾದ್ರೂ ಬ್ಯಾಡ ಅನ್ಬೋದಿತ್ತು ಭಾವ. ಇಡೀ ವರ್ಷದ ಓಟ" ಎಂದೆ. ಅವರು ಬೂಟಿನ ದಾರ ಸಡಿಲಿಸುತ್ತಿದ್ದರು. "ಉಂಡೋನು ನಾನು. ನಿಂಗ್ಯಾಕಪ್ಪ ಹೊಟ್ಟೆನೋವು?" ಎಂದರು. ಬೂಟು ಕಳಚಿ ಸೀಟಿನಡಿಗೆ ತಳ್ಳಿ, "ಅಳಿಯಂದ್ರು ಅಂದ್ರಲ್ಲೋ" ಎಂದು ತಮಗೇ ಹೇಳಿಕೊಂಡರು.

ಮುಂದಿನ ಭಾನುವಾರ ನಾನೊಬ್ಬನೇ ಹುಲಿಕುಂಟೆಗೆ ಹೋಗಿದ್ದೆ. ಅಮ್ಮ ಬಡಿಸಿದಳು, ಉಂಡೆ, ಜಗಲಿಗೆ ಬಂದು ಕೂತೆ. ಇನ್ನೂ ಕೈಯ ತೇವ ಆರಿರಲಿಲ್ಲ, ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ಎಷ್ಟೊತ್ತಿಗೆ ಬಂದ್ಯಪ್ಪಾ? ಉಂಡ್ಯಾ?"

ಒಳಗಿನಿಂದ ಅತ್ತಿಗೆ ಏನೋ ಹೇಳಲು ಬಾಯಿ ತೆರೆದಳು. ನಾನು ಎದ್ದೆ.

"ಇಲ್ಲ ಕಣಮ್ಮ" ಎಂದೆ.